ಮುಂಬೈನಲ್ಲಿ ಮೊದಲ ದಿನ: ನೂಕುನುಗ್ಗಲಿಗೆ ಸಿಕ್ಕದೆ ಸುತ್ತುವುದು ಹೇಗೆ?

ಮೊದಲ ಸಲ ಮುಂಬೈಗೆ ಹೊರಟವರ ಮೊಬೈಲ್‌ನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು ಬೀಚ್, ಜೊತೆಗೆ ಯಾವುದಾದರೂ ನಟನ ಬಂಗಲೆಯ ಗೇಟು. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಬಿಡುವ ಹುಮ್ಮಸ್ಸು ಬೇರೆ. ಸಂಜೆ ಲೆಕ್ಕ ಹಾಕಿದರೆ ಅವರು ಜಾಸ್ತಿ ಹೊತ್ತು ನೋಡಿದ್ದು ಟ್ಯಾಕ್ಸಿ ಕಿಟಕಿಯಾಚೆ ನಿಂತಿದ್ದ ಇನ್ನೊಂದು ಟ್ಯಾಕ್ಸಿಯನ್ನು.

ಆ ಪಟ್ಟಿಯನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಒಂದು ಲೋಕಲ್ ಟ್ರೈನು, ಒಂದು ನಡಿಗೆ, ಒಂದು ಸಮುದ್ರದ ದಂಡೆ ಸಾಕು. ಆ ನಡಿಗೆಯಲ್ಲೇ ಅರ್ಧ ಪಟ್ಟಿ ತಾನಾಗಿ ಮುಗಿಯುತ್ತದೆ.

ಮೊದಲು ಊರಿನ ಉಬ್ಬರ-ಇಳಿತ ತಿಳಿದುಕೊಳ್ಳಿ

ಮುಂಬೈ ಉದ್ದನೆಯ, ಕಿರಿದಾದ ಊರು. ಹಿಂದೆ ಏಳು ದ್ವೀಪಗಳಿದ್ದವು. ನಡುವಿನ ನೀರಿಗೆ ಮಣ್ಣು ತುಂಬಿ ಒಂದು ಮಾಡಿದರು. ಹಾಗಾಗಿ ಊರು ಅಗಲಕ್ಕಿಂತ ಉದ್ದಕ್ಕೇ ಬೆಳೆಯಿತು. ಹಳೆಯ ಕಚೇರಿ, ಕೋರ್ಟು, ಬ್ಯಾಂಕು ಎಲ್ಲ ದಕ್ಷಿಣದ ತುದಿಯಲ್ಲಿವೆ. ಜನರ ಮನೆಗಳು ಉತ್ತರಕ್ಕೆ ಠಾಣೆ, ಕಲ್ಯಾಣ್, ಬೋರಿವಲಿ, ವಿರಾರ್ ತನಕ ಹಬ್ಬಿವೆ. ಲೋಕಲ್ ಟ್ರೈನುಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಮಂದಿ ಓಡಾಡುತ್ತಾರೆ. ಬೆಳಿಗ್ಗೆ 8ರಿಂದ 10.30ರವರೆಗೆ ಈ ಜನರ ಹೊಳೆ ದಕ್ಷಿಣಕ್ಕೆ ಹರಿಯುತ್ತದೆ. ಸಂಜೆ 5.30ರಿಂದ 8.30ರವರೆಗೆ ಉತ್ತರಕ್ಕೆ ತಿರುಗುತ್ತದೆ. ಈಗ ಬಾಂದ್ರಾ-ಕುರ್ಲಾ ಕಡೆ, ಅಂಧೇರಿ ಕಡೆಯೂ ಕಚೇರಿಗಳು ಬಂದಿರುವುದರಿಂದ ಹೊಳೆಗೆ ಕವಲುಗಳು ಹೆಚ್ಚಾಗಿವೆ. ಆದರೂ ದೊಡ್ಡ ಹರಿವು ಇವತ್ತಿಗೂ ಇದೇ.

ನೀವು ಮಾಡಬೇಕಾದ್ದು ಇಷ್ಟೇ. ಜನ ಹೋಗುವ ಹೊತ್ತಿನಲ್ಲಿ ಅವರ ಎದುರು ದಿಕ್ಕಿಗೆ ಹೋಗಿ, ಇಲ್ಲವೇ ಕೂತು ತಿಂಡಿ ತಿನ್ನಿ. ಕೆಳಗಿನ ಇಡೀ ದಿನದ ಲೆಕ್ಕಾಚಾರ ಇದರ ಮೇಲೆಯೇ ನಿಂತಿದೆ.

ಎಲ್ಲಿ ಇಳಿಯುತ್ತೀರಿ, ಎಲ್ಲಿ ಉಳಿಯುತ್ತೀರಿ?

‘ಮುಂಬೈ ಸ್ಟೇಷನ್’ ಅಂತ ಒಂದು ಸ್ಟೇಷನ್ ಇಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಅಂದರೆ ಸಿಎಸ್‌ಎಂಟಿಗೆ ಬರುತ್ತೀರಿ. ಮಂಗಳೂರಿನ ಮತ್ಸ್ಯಗಂಧ ಬರುವುದು ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಹಾದು ಬರುವ ಶರಾವತಿ ಎಕ್ಸ್‌ಪ್ರೆಸ್ ದಾದರ್‌ನಲ್ಲಿ ನಿಲ್ಲುತ್ತದೆ. ಟಿಕೆಟ್ ಮೇಲೆ ಯಾವುದಿದೆ ನೋಡಿಕೊಂಡೇ ರೂಮು ಹುಡುಕಿ.

ನನ್ನನ್ನು ಕೇಳಿದರೆ ಉಳಿಯಲು ದಾದರ್, ಮಾಟುಂಗಾ ಕಡೆ ಒಳ್ಳೆಯದು. ಲೋಕಲ್ ಟ್ರೈನಿನ ವೆಸ್ಟರ್ನ್ ಲೈನು, ಸೆಂಟ್ರಲ್ ಲೈನು ಎರಡೂ ಸೇರುವುದು ದಾದರ್‌ನಲ್ಲಿ. ಎಲ್ಲಿಗೆ ಹೋಗುವುದಾದರೂ ಅಲ್ಲಿಂದ ಸಲೀಸು. ರೂಮು ಹುಡುಕುವಾಗ ‘ಏರಿಯಾ ಚೆನ್ನಾಗಿದೆಯಾ’ ಅನ್ನುವುದಕ್ಕಿಂತ ಮೊದಲು ‘ಸ್ಟೇಷನ್‌ನಿಂದ ನಡೆದು ಎಷ್ಟು ನಿಮಿಷ’ ಅಂತ ಕೇಳಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಅಂದರೆ ಬೇರೆ ನೋಡಿ.

ರೂಮಿಗೆ ಚೆಕ್-ಇನ್ ಮಧ್ಯಾಹ್ನ ಅಂತ ಹೇಳಿದ್ದರೆ ಬ್ಯಾಗು ಎಳೆದುಕೊಂಡು ಅಲೆಯಬೇಡಿ. ದೊಡ್ಡ ಸ್ಟೇಷನ್‌ಗಳಲ್ಲಿ ಕ್ಲೋಕ್ ರೂಮ್ ಇದೆ. ಟ್ರೈನ್ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು. ಬೀಗ ಇಲ್ಲದ ಚೀಲವನ್ನು ಅವರು ತೆಗೆದುಕೊಳ್ಳುವುದಿಲ್ಲ. ಮನೆಯಿಂದಲೇ ಒಂದು ಚಿಕ್ಕ ಬೀಗ ಹಾಕಿಕೊಂಡು ಬನ್ನಿ.

ಟ್ಯಾಕ್ಸಿಯ ವಿಷಯಕ್ಕೆ ಬಂದರೆ, ಇಲ್ಲಿಯ ಕಪ್ಪು-ಹಳದಿ ಟ್ಯಾಕ್ಸಿಗೆ ‘ಕಾಲಿ-ಪೀಲಿ’ ಅಂತಾರೆ. 2025ರ ಫೆಬ್ರವರಿಯಿಂದ ಕನಿಷ್ಠ ದರ 31 ರೂಪಾಯಿ, ಆಟೊಗೆ 26. ಮೀಟರ್ ಹಾಕಿ ಅಂದರೆ ಸಾಮಾನ್ಯವಾಗಿ ಹಾಕುತ್ತಾರೆ. ನಮ್ಮ ಬೆಂಗಳೂರಿನಿಂದ ಬಂದವರಿಗೆ ಇದೇ ಒಂದು ಪ್ರೇಕ್ಷಣೀಯ ಸ್ಥಳ! ಆದರೆ ದೊಡ್ಡ ರೈಲು ಬಂದು ನಿಂತ ಹೊತ್ತಿನಲ್ಲಿ ಸ್ಟೇಷನ್ ಬಾಗಿಲಲ್ಲೇ ಎದುರಾಗಿ, ಬ್ಯಾಗಿಗೆ ಕೈಹಾಕಿ ಕರೆಯುವವರ ಹಿಂದೆ ಹೋಗಬೇಡಿ. ರಸ್ತೆಗೆ ಬಂದು, ಓಡುತ್ತಿರುವ ಗಾಡಿಗೆ ಕೈ ಮಾಡಿ. ಇನ್ನೊಂದು ವಿಷಯ. ಬಾಂದ್ರಾ, ಸಾಯನ್‌ನಿಂದ ದಕ್ಷಿಣಕ್ಕೆ ಆಟೊಗಳು ಬರುವಂತಿಲ್ಲ. ದಕ್ಷಿಣ ತುದಿಯ ಕೊಲಾಬಾದಲ್ಲಿ ನಿಂತು ‘ಆಟೊ, ಆಟೊ’ ಅಂತ ಹುಡುಕಿದರೆ ಸಂಜೆಯಾದರೂ ಸಿಗುವುದಿಲ್ಲ.

ವಿಮಾನದಲ್ಲಿ ಬಂದವರಿಗೆ ಈಗ ಅನುಕೂಲ ಹೆಚ್ಚು. ನೆಲದಡಿಯ ಮೆಟ್ರೊ 3ನೇ ಲೈನು 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೂ ಪೂರ್ತಿ ತೆರೆಯಿತು. ವಿಮಾನ ನಿಲ್ದಾಣದ ಎರಡು ಟರ್ಮಿನಲ್‌ಗಳಿಗೂ ಸ್ಟೇಷನ್ ಇದೆ. ಅಲ್ಲಿಂದ ಸೀದಾ ಸಿಎಸ್‌ಎಂಟಿ, ಚರ್ಚ್‌ಗೇಟ್ ತಲುಪಬಹುದು.

ಬೆಳಿಗ್ಗೆ 8.30: ಎದುರು ದಿಕ್ಕಿನಲ್ಲಿ ಒಂದು ಸ್ಟೇಷನ್

ಲೋಕಲ್ ಅಂದರೆ ಹೆದರಿಕೆ ಇದೆಯಾ? ಹಾಗಾದರೆ ಮೊದಲು ಒಂದೇ ಸ್ಟೇಷನ್ ಪ್ರಯಾಣ ಮಾಡಿ ನೋಡಿ. ದಾದರ್‌ನಿಂದ ಉತ್ತರಕ್ಕೆ, ಸೆಂಟ್ರಲ್ ಲೈನಿನಲ್ಲಿ ಮುಂದಿನ ನಿಲ್ದಾಣ ಮಾಟುಂಗಾ. ಆಚೆ ಪ್ಲಾಟ್‌ಫಾರ್ಮಿನಲ್ಲಿ ದಕ್ಷಿಣಕ್ಕೆ ಹೋಗುವ ಟ್ರೈನುಗಳ ಬಾಗಿಲಲ್ಲಿ ಜನ ಜೇನುಗೂಡಿನ ಹಾಗೆ ನೇತಾಡುತ್ತಿರುತ್ತಾರೆ. ನಿಮ್ಮ ಟ್ರೈನಿನಲ್ಲಿ ಆರಾಮಾಗಿ ನಿಲ್ಲಬಹುದು, ಅದೃಷ್ಟ ಇದ್ದರೆ ಸೀಟೂ ಸಿಗಬಹುದು.

ಟಿಕೆಟ್ ಕೌಂಟರಿನಲ್ಲಿ, ಸ್ಟೇಷನ್‌ನಲ್ಲಿರುವ ಮೆಷಿನ್‌ನಲ್ಲಿ, ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ, ಎಲ್ಲಾದರೂ ತೆಗೆದುಕೊಳ್ಳಬಹುದು. ಸೆಕೆಂಡ್ ಕ್ಲಾಸಿಗೆ ಕನಿಷ್ಠ 5 ರೂಪಾಯಿ. ನಮ್ಮೂರಲ್ಲಿ 5 ರೂಪಾಯಿಗೆ ಈಗ ಏನು ಬರುತ್ತೆ ಹೇಳಿ.

ದಾದರ್‌ನಲ್ಲಿ ಪ್ಲಾಟ್‌ಫಾರ್ಮ್ 1ರಿಂದ 7 ವೆಸ್ಟರ್ನ್ ಲೈನಿನವು, 8ರಿಂದ 14 ಸೆಂಟ್ರಲ್‌ನವು. ನೀವು 8ರ ಆಚೆಗೆ ಹೋಗಬೇಕು. ಮೇಲೆ ತೂಗುಹಾಕಿರುವ ಬೋರ್ಡನ್ನು ಓದಲು ಕಲಿತರೆ ಅರ್ಧ ಮುಂಬೈ ಕಲಿತ ಹಾಗೆ. ಟ್ರೈನು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದನ್ನು ಒಂದೆರಡು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುತ್ತಾರೆ. ‘ಟಿ’ ಅಂದರೆ ಠಾಣೆ, ‘ಕೆ’ ಅಂದರೆ ಕಲ್ಯಾಣ್. ವೆಸ್ಟರ್ನ್ ಲೈನಿನಲ್ಲಾದರೆ ‘ಬಿಓ’ ಬೋರಿವಲಿ, ‘ವಿ’ ವಿರಾರ್. ಪಕ್ಕದಲ್ಲಿ ‘ಎಸ್’ ಇದ್ದರೆ ಸ್ಲೋ, ‘ಎಫ್’ ಇದ್ದರೆ ಫಾಸ್ಟ್. 12 ಅಥವಾ 15 ಅಂತ ಇರುವುದು ಡಬ್ಬಿಗಳ ಸಂಖ್ಯೆ. ಸ್ಲೋ ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುತ್ತದೆ. ಫಾಸ್ಟ್ ನಿಲ್ಲುವುದಿಲ್ಲ.

ಈ ಕೊನೆಯ ಮಾತನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಮಾಟುಂಗಾಕ್ಕೆ ಹೊರಟವನು ಬೋರ್ಡು ನೋಡದೆ, ಬಂದದ್ದಕ್ಕೆ ಹತ್ತಿದೆ. ಅದು ಫಾಸ್ಟ್. ಮಾಟುಂಗಾ ಕಿಟಕಿಯಲ್ಲಿ ಹಾಗೇ ಹಿಂದಕ್ಕೆ ಹೋಯಿತು, ಹಿಂದೆಯೇ ಸಾಯನ್ನೂ ಹೋಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ‘ಕುರ್ಲಾ ಮೇ ಉತರೋ, ಸಾಮನೇ ಸೇ ಸ್ಲೋ ಪಕಡೋ’ ಅಂದರು. ಕುರ್ಲಾದಲ್ಲಿ ಇಳಿದು ಎದುರಿನಿಂದ ಸ್ಲೋ ಹಿಡಿ ಅಂತ. ಆಮೇಲೆ ಅವರೇ ಕುರ್ಲಾ ಬರುವ ಮೊದಲು ನನ್ನ ಭುಜ ಹಿಡಿದು ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದರು. ಮುಂಬೈನಲ್ಲಿ ದಾರಿ ತಪ್ಪುವುದು ಸುಲಭ, ದಾರಿ ಹೇಳುವವರು ಸಿಗುವುದೂ ಅಷ್ಟೇ ಸುಲಭ.

ಡಬ್ಬಿಗಳ ವಿಷಯ. ಹೆಂಗಸರಿಗೆ ಬೇರೆ ಡಬ್ಬಿಗಳಿವೆ, ಹೊರಗೆ ಹೆಂಗಸಿನ ಚಿತ್ರ ಇರುತ್ತದೆ. ಹೆಂಗಸರು ಜನರಲ್ ಡಬ್ಬಿಗೂ ಹತ್ತಬಹುದು. ಗಂಡಸರು ಮಾತ್ರ ಲೇಡೀಸ್ ಡಬ್ಬಿಯ ಕಡೆ ಸುಳಿಯಬಾರದು. ಗಂಡ-ಹೆಂಡತಿ ಒಟ್ಟಿಗೆ ಹೊರಟಿದ್ದರೆ ಇಳಿಯುವ ಸ್ಟೇಷನ್ ಮೊದಲೇ ಮಾತಾಡಿಕೊಂಡು ಬೇರೆ ಬೇರೆ ಹತ್ತುವುದೇ ಎಷ್ಟೋ ಸಲ ವಾಸಿ. ಫಸ್ಟ್ ಕ್ಲಾಸ್ ಡಬ್ಬಿ ನೋಡುವುದಕ್ಕೆ ಸೆಕೆಂಡ್ ಕ್ಲಾಸಿನ ಹಾಗೇ ಇರುತ್ತದೆ. ಹೊಸಬರು ಅಲ್ಲೇ ಎಡವುತ್ತಾರೆ. ತಪ್ಪಿ ಹತ್ತಿದರೆ ಟಿಕೆಟ್ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ. ಅಂಗವಿಕಲರಿಗೆ, ಕ್ಯಾನ್ಸರ್ ರೋಗಿಗಳಿಗೆ ಮೀಸಲಾದ ಚಿಕ್ಕ ಡಬ್ಬಿಯೂ ಇದೆ. ಖಾಲಿ ಕಂಡರೂ ಹತ್ತಬೇಡಿ.

ಹತ್ತಿದ ಮೇಲೆ ಒಂದೆರಡು ರೂಢಿಗಳು. ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಿ, ಇಲ್ಲವೇ ಮೇಲಿನ ಕಂಬಿಗಳ ಮೇಲಿಡಿ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಬಂದು ನಿಂತರೆ ಉಳಿದವರು ಮಾತಿಲ್ಲದೆ ಸ್ವಲ್ಪ ಸರಿಯುತ್ತಾರೆ. ‘ಚೌಥಿ ಸೀಟ್’ ಅಂದರೆ ಇದೇ. ಅರ್ಧ ಕೂತಿರುತ್ತೀರಿ, ಅರ್ಧ ಗಾಳಿಯಲ್ಲಿ. ಯಾರಾದರೂ ನಿಮ್ಮ ಹಿಂದೆ ನಿಂತು ‘ಉತರ್‌ನಾ ಹೈ?’ ಅಂದರೆ, ಮುಂದಿನ ಸ್ಟೇಷನ್‌ನಲ್ಲಿ ಇಳಿಯುತ್ತೀರಾ ಅಂತ ಕೇಳುತ್ತಿದ್ದಾರೆ. ಇಲ್ಲ ಅಂದರೆ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಡಿ. ನಿಮ್ಮ ಸ್ಟೇಷನ್ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ಬರಬೇಕು. ಟ್ರೈನು ನಿಂತ ಮೇಲೆ ಏಳುತ್ತೇನೆ ಅಂದರೆ ಆಗದ ಮಾತು. ಟ್ರೈನು ನಿಲ್ಲುವುದು ಅರ್ಧ ನಿಮಿಷ ಇದ್ದರೆ ಹೆಚ್ಚು.

ಬಾಗಿಲಲ್ಲಿ ನಿಂತು ರೀಲ್ ಮಾಡುವ ಆಸೆ ಬೇಡವೇ ಬೇಡ. ಬೀಳುವ ಭಯ ಒಂದು ಕಡೆ. ಹಳಿ ಪಕ್ಕದ ಕಂಬದ ಮರೆಯಲ್ಲಿ ನಿಂತು, ಕೋಲಿನಿಂದ ಕೈಗೆ ಹೊಡೆದು ಮೊಬೈಲ್ ಬೀಳಿಸುವವರಿದ್ದಾರೆ. ಅವರಿಗೆ ‘ಫಟ್ಕಾ ಗ್ಯಾಂಗ್’ ಅಂತಲೇ ಹೆಸರು. ಪ್ಲಾಟ್‌ಫಾರ್ಮ್ ಬದಲಿಸಲು ಮೇಲ್ಸೇತುವೆಯನ್ನೇ ಹತ್ತಿ. ಯಾರೋ ಹಳಿ ದಾಟಿದರು ಅಂತ ನೀವು ದಾಟಬೇಡಿ.

ಮಾಟುಂಗಾದಲ್ಲಿ ಕನ್ನಡದ ತಿಂಡಿ

ಮಾಟುಂಗಾ ಅಂತ ಎರಡು ಸ್ಟೇಷನ್‌ಗಳಿವೆ. ವೆಸ್ಟರ್ನ್ ಲೈನಿನದು ಮಾಟುಂಗಾ ರೋಡ್. ನೀವು ಬಂದಿರುವುದು ಸೆಂಟ್ರಲ್‌ನ ಮಾಟುಂಗಾಕ್ಕೆ. 2017ರಿಂದ ಈ ಸ್ಟೇಷನ್ ಅನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಪೂರ್ವದ ಕಡೆ ಇಳಿದರೆ ಹೂವಿನ ಮಾಲೆ, ಬಾಳೆಎಲೆ, ಫಿಲ್ಟರ್ ಕಾಫಿ ಪುಡಿ ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ. ಒಂದು ಕ್ಷಣ ಮಲ್ಲೇಶ್ವರಕ್ಕೆ ಬಂದೆನಾ ಅನ್ನಿಸಬೇಕು.

ಕಿಂಗ್ಸ್ ಸರ್ಕಲ್ ಕಡೆಯ ಕೆಫೆ ಮದ್ರಾಸ್ 1940ರದು. ವಾರದ ಕೊನೆಯಲ್ಲಿ ಹೊರಗೆ ಹೆಸರು ಬರೆಸಿ ಕಾಯಬೇಕು. ಸ್ಟೇಷನ್ ಪಕ್ಕದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಊಟ ಹಾಕುತ್ತಿದೆ, ಆದರೆ ಅದು ಊಟದ ಹೊತ್ತಿಗೆ. ಈ ಸುತ್ತಿನಲ್ಲಿ ಚಿಕ್ಕ ಹೋಟೆಲುಗಳೂ ಬೇಕಾದಷ್ಟಿವೆ. ಮುಂಬೈಗೆ ಬಂದು ಇಡ್ಲಿ-ದೋಸೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ಕರಾವಳಿಯ ಹುಡುಗರು ಲೋಟ ತೊಳೆಯುವುದರಿಂದ ಶುರುಮಾಡಿ ಕಟ್ಟಿದ ಹೋಟೆಲುಗಳು ಈ ಊರಿನ ತುಂಬ ಇವೆ. ಅದೂ ಮುಂಬೈನ ಚರಿತ್ರೆಯೇ ಅಲ್ವಾ? ಗಲ್ಲಾದಲ್ಲಿ ಕೂತವರ ಹತ್ತಿರ ಸುಮ್ನೆ ಕನ್ನಡದಲ್ಲಿ ಒಂದು ಮಾತು ಆಡಿ ನೋಡಿ. ‘ಊರು ಯಾವುದು ಮಾರಾಯ್ರೆ?’ ಅಂತ ತಿರುಗಿ ಬಂದರೆ ಆಶ್ಚರ್ಯಪಡಬೇಡಿ. ದಿನದ ಉಳಿದ ದಾರಿಯನ್ನು ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಬಹುದು.

ಆತುರ ಬೇಡ. ಹತ್ತೂವರೆ ಆಗಲಿ. ಆಗ ದಕ್ಷಿಣದ ಹೊಳೆ ಇಳಿದಿರುತ್ತದೆ.

11 ಗಂಟೆ: ಸಿಎಸ್‌ಎಂಟಿ

ಮಾಟುಂಗಾದಿಂದ ಸಿಎಸ್‌ಎಂಟಿಗೆ ಸ್ಲೋ ಹತ್ತಿ. ಕೊನೆಯ ಸ್ಟೇಷನ್, ಹಾಗಾಗಿ ತಪ್ಪಿ ಮುಂದೆ ಹೋಗುವ ಭಯ ಇಲ್ಲ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟ ಬೋರಿಬಂದರ್ ಇದೇ ಜಾಗ. ಈಗಿನ ಕಟ್ಟಡ ಎಫ್. ಡಬ್ಲ್ಯು. ಸ್ಟೀವನ್ಸ್ ಅವರ ವಿನ್ಯಾಸ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಟ್ರೈನು ಇಳಿದ ಕೂಡಲೇ ಹೊರಗೆ ಓಡಬೇಡಿ. ಹಳೆಯ ಟಿಕೆಟ್ ಹಾಲಿಗೆ ಸ್ಟಾರ್ ಚೇಂಬರ್ ಅಂತಾರೆ. ಅಲ್ಲಿ ನಿಂತು ತಲೆ ಎತ್ತಿದರೆ ಚಾವಣಿಯಲ್ಲಿ ನಕ್ಷತ್ರಗಳಿವೆ. ಕೆಳಗೆ ಜನ ಐದು-ಹತ್ತು ರೂಪಾಯಿ ಟಿಕೆಟಿಗೆ ಕ್ಯೂ ನಿಂತಿರುತ್ತಾರೆ, ಯಾರೂ ಮೇಲೆ ನೋಡುವುದಿಲ್ಲ. ಹೊರಗೆ ಬಂದರೆ ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಗೋಡೆಯಲ್ಲಿ ನವಿಲು, ಕೋತಿ, ಎಲೆ, ಬಳ್ಳಿ. ಇವನ್ನು ಕೆತ್ತುವುದರಲ್ಲಿ ಇಲ್ಲಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯೂ ಇದೆ. ರಸ್ತೆ ದಾಟಿ, ಪಾಲಿಕೆ ಕಟ್ಟಡದ ಕಡೆಯಿಂದ ನೋಡಿದರೆ ಇಡೀ ಸ್ಟೇಷನ್ ಒಂದೇ ಫೋಟೊದಲ್ಲಿ ಸಿಗುತ್ತದೆ.

11ರಿಂದ 12ರ ನಡುವೆ ಬಂದಿದ್ದರೆ, ಮನೆಯ ಊಟವನ್ನು ಕಚೇರಿಗಳಿಗೆ ತಲುಪಿಸುವ ಡಬ್ಬಾವಾಲಾಗಳನ್ನು ಹುಡುಕಿ. ಬಿಳಿ ಟೋಪಿ, ತಲೆಯ ಮೇಲೆ ಉದ್ದನೆಯ ಮರದ ಹಲಗೆ, ಅದರ ತುಂಬ ಊಟದ ಡಬ್ಬಿಗಳು. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಅಕ್ಷರ, ಅಂಕಿ ಬರೆದಿರುತ್ತಾರೆ. ಯಾವ ಕಡೆಯಿಂದ ಬಂತು, ಯಾವ ಕಟ್ಟಡದ ಯಾವ ಮಹಡಿಗೆ ಹೋಗಬೇಕು, ಎಲ್ಲ ಅದರಲ್ಲೇ. 1890ರಿಂದ ನಡೆದುಕೊಂಡು ಬಂದ ಕೆಲಸ ಇದು. ಫೋಟೊ ತೆಗೆಯಿರಿ, ಆದರೆ ದೂರದಿಂದ. ಅವರ ದಾರಿಗೆ ಅಡ್ಡ ನಿಂತು ‘ಒಂದು ನಿಮಿಷ ನಿಲ್ಲಿ’ ಅನ್ನಬೇಡಿ. ಅವರ ಹತ್ತಿರ ಆ ಒಂದು ನಿಮಿಷ ಇರುವುದಿಲ್ಲ.

ಇಲ್ಲಿಂದ ಎರಡು ನಿಮಿಷದ ದೂರದಲ್ಲಿ ಹೊಸಬರು ಹೆಚ್ಚಾಗಿ ತಪ್ಪಿಸಿಕೊಳ್ಳುವ ಒಂದು ಕಟ್ಟಡ ಇದೆ. ಜನರಲ್ ಪೋಸ್ಟ್ ಆಫೀಸ್. ದೂರದಿಂದಲೇ ಗುಮ್ಮಟ ಕಂಡಾಗ ‘ಇದನ್ನು ಎಲ್ಲೋ ನೋಡಿದ್ದೇನೆ’ ಅನ್ನಿಸುತ್ತದೆ. ಹೌದು, ನಮ್ಮ ವಿಜಯಪುರದ ಗೋಳಗುಮ್ಮಟವನ್ನು ಮಾದರಿ ಇಟ್ಟುಕೊಂಡೇ 1913ರಲ್ಲಿ ಕಟ್ಟಿ ಮುಗಿಸಿದರು. ವಿನ್ಯಾಸ ಜಾನ್ ಬೆಗ್ ಅವರದು. ಕೆಲಸದ ದಿನ ಆಗಿದ್ದರೆ ಒಳಗೆ ಹೋಗಿ. ಅಷ್ಟೆತ್ತರದ ಗುಮ್ಮಟದ ಅಡಿಯಲ್ಲಿ ಕೌಂಟರಿನವರು ಠಪ್ ಠಪ್ ಅಂತ ಸೀಲು ಒತ್ತುತ್ತಿರುತ್ತಾರೆ. ಒಂದು ಪೋಸ್ಟ್ ಕಾರ್ಡ್ ಕೊಂಡು ಮನೆಗೆ ನಾಲ್ಕು ಸಾಲು ಬರೆದು ಹಾಕಿ. ಹೆಚ್ಚಾಗಿ ನೀವು ಊರು ತಲುಪಿದ ಮೇಲೆ ಅದು ತಲುಪುತ್ತದೆ, ಇರಲಿ.

ಮೊಗಸಾಲೆಯ ನೆರಳಲ್ಲಿ ಗೇಟ್‌ವೇಗೆ

ಸಿಎಸ್‌ಎಂಟಿಯಿಂದ ಗೇಟ್‌ವೇಗೆ ಎರಡೂವರೆ ಕಿಲೋಮೀಟರ್ ಹತ್ತಿರ. ಟ್ಯಾಕ್ಸಿ ಬೇಡ, ನಡೆಯಿರಿ. ದಾದಾಭಾಯಿ ನವರೋಜಿ ರಸ್ತೆಯ ಎರಡೂ ಕಡೆ ಕಟ್ಟಡಗಳ ಕೆಳಗೆ ಕಂಬಗಳ ಮೊಗಸಾಲೆ ಇದೆ. ಬಿಸಿಲಿಗೂ ಮಳೆಗೂ ಅದೇ ಕೊಡೆ. ಮೊಗಸಾಲೆಯ ತುಂಬ ಬೆಲ್ಟು, ಚಾರ್ಜರು, ಹಳೆ ನಾಣ್ಯ ಮಾರುವವರು. ನಡಿಗೆ ನಿಧಾನವಾಗುತ್ತದೆ, ಆಗಲಿ.

ರಸ್ತೆ ಕೊನೆಯಾಗುವಲ್ಲಿ ಫ್ಲೋರಾ ಫೌಂಟನ್, 1864ರದು. ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ, ಅಂದರೆ ಮರಾಠಿಗರಿಗೆ ಮುಂಬೈ ಸೇರಿದ ಒಂದು ರಾಜ್ಯ ಬೇಕೆಂಬ ಹೋರಾಟದಲ್ಲಿ, ಪ್ರಾಣ ಕೊಟ್ಟವರ ಸ್ಮಾರಕ. ಆ ಚೌಕಕ್ಕೆ ಈಗ ಹುತಾತ್ಮ ಚೌಕ ಅಂತಲೇ ಹೆಸರು. ಅಲ್ಲಿಂದ ಮುಂದೆ ಕಾಲಾ ಘೋಡಾ. ಅಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇದೆ, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಪೂರ್ತಿ ನೋಡಲು ಅರ್ಧ ದಿನ ಬೇಕು. ಮೊದಲ ದಿನ ಒಂದು ಗಂಟೆ ಕೊಡಿ, ಸಾಕು. ಬಿಸಿಲು ನೆತ್ತಿಗೆ ಬಂದ ಹೊತ್ತಲ್ಲಿ ಒಳಗಿರುವುದು ಹಿತ. ಶೌಚಾಲಯಕ್ಕೆ ಹೋಗಬೇಕಿದ್ದರೆ ಇಲ್ಲೇ ಮುಗಿಸಿಕೊಳ್ಳಿ, ಹೆಂಗಸರಿಗಂತೂ ಮುಂದಿನ ದಾರಿಯಲ್ಲಿ ಇಷ್ಟು ಅನುಕೂಲದ ಜಾಗ ಕಡಿಮೆ.

ಗೇಟ್‌ವೇ ಆಫ್ ಇಂಡಿಯಾಕ್ಕೆ ಟಿಕೆಟ್ ಇಲ್ಲ, ಬ್ಯಾಗ್ ತಪಾಸಣೆ ಇದೆ. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದಿಳಿದ ನೆನಪಿಗೆ ಕಟ್ಟಿದ್ದು. ಕಟ್ಟಿ ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೇನಾ ತುಕಡಿ ಇದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ಎದುರಿನ ತಾಜ್ ಹೋಟೆಲ್ ಇದಕ್ಕಿಂತ ಹಳೆಯದು, 1903ರದು. ಎಲಿಫೆಂಟಾಕ್ಕೆ ಹೋಗುವ ಲಾಂಚು ಇಲ್ಲಿಂದಲೇ ಹೊರಡುತ್ತದೆ. ಇವತ್ತು ಹತ್ತಬೇಡಿ. ಹೋಗುವುದಕ್ಕೇ ಒಂದು ಗಂಟೆ, ಬರುವುದಕ್ಕೆ ಇನ್ನೊಂದು, ಮೇಲೆ ಮೆಟ್ಟಿಲುಗಳು. ನಾಳೆ ಬೆಳಿಗ್ಗೆ ಬನ್ನಿ, ಸೋಮವಾರ ಮಾತ್ರ ಅಲ್ಲಿ ರಜೆ.

ಈ ಸುತ್ತಿನಲ್ಲಿ ಒಂದು ನಾಟಕ ನಡೆಯುತ್ತದೆ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಂದು ‘ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ ಸಾಕು’ ಅನ್ನುತ್ತಾಳೆ. ಹತ್ತಿರದ ಅಂಗಡಿಗೆ ಅವಳೇ ಕರೆದುಕೊಂಡು ಹೋಗುತ್ತಾಳೆ. ಡಬ್ಬಿಯ ಬೆಲೆ ದುಬಾರಿ. ನೀವು ಆಚೆ ಹೋದ ಮೇಲೆ ಅದೇ ಡಬ್ಬಿ ಅಂಗಡಿಗೆ ವಾಪಸ್. ಕೈ ಹಿಡಿದು ದಾರ ಕಟ್ಟಿ ಕಾಣಿಕೆ ಕೇಳುವವರೂ ಇದ್ದಾರೆ. ಕೈಮುಗಿದು, ನಿಲ್ಲದೆ ನಡೆಯಿರಿ. ನಿಂತರೆ ಮಾತು ಶುರುವಾಗುತ್ತದೆ.

ಊಟಕ್ಕೆ ಕೊಲಾಬಾಕ್ಕಿಂತ, ನಡೆದು ಬಂದ ದಾರಿಯ ಫೋರ್ಟ್ ಕಡೆ ನನಗೆ ಇಷ್ಟ. ಮಹೇಶ್ ಲಂಚ್ ಹೋಮ್‌ನಂಥ ಮಂಗಳೂರು ಶೈಲಿಯ ಮೀನೂಟದ ಹೋಟೆಲುಗಳು ಅಲ್ಲಿವೆ. ಏಡಿ, ನೀರುದೋಸೆ, ಗಸಿ ಎಲ್ಲ ಸಿಗುತ್ತದೆ. ಆದರೆ ಕೆಲವು ಕಡೆ ಬಿಲ್ಲು ಜೋರು, ಮೆನುವಿನ ಬಲಗಡೆಯನ್ನೂ ಓದಿ. ಸಸ್ಯಾಹಾರಿಗಳಿಗೆ ಥಾಲಿ ಎಲ್ಲೆಡೆ ಇದೆ. ಹಸಿವು ಜಾಸ್ತಿ ಇಲ್ಲ ಅಂದರೆ ವಡಾಪಾವ್ ಸಾಕು. ಜನ ಗುಂಪಾಗಿ ನಿಂತಿರುವ ಗಾಡಿಯನ್ನೇ ಹುಡುಕಿ, ಅಲ್ಲಿ ವಡೆ ಬಾಣಲೆಯಿಂದ ನೇರ ಪಾವಿಗೆ ಬರುತ್ತಿರುತ್ತದೆ. ಒಣ ಬೆಳ್ಳುಳ್ಳಿ ಚಟ್ನಿ ಜಾಸ್ತಿ ಹಾಕಿಸಿಕೊಳ್ಳಿ. ಚಹಾ ಬೇಕಿದ್ದರೆ ‘ಏಕ್ ಕಟಿಂಗ್’ ಅನ್ನಿ, ಅರ್ಧ ಲೋಟ ಕೊಡುತ್ತಾರೆ. ಯುಪಿಐ ಎಲ್ಲ ಕಡೆ ನಡೆಯುತ್ತದೆ. ಆದರೂ ಜೇಬಿನಲ್ಲಿ ಹತ್ತು-ಇಪ್ಪತ್ತರ ನೋಟು ಇರಲಿ, ‘ಸುಟ್ಟೆ ಪೈಸೆ’ ಅಂದರೆ ಚಿಲ್ಲರೆ ಕೇಳುತ್ತಿದ್ದಾರೆ ಅಂತ ಅರ್ಥ.

ಕೊಲಾಬಾ ಕಾಸ್‌ವೇಯ ರಸ್ತೆ ಬದಿಯ ಅಂಗಡಿಗಳಲ್ಲಿ ಓಲೆ, ಚಪ್ಪಲಿ, ಬಟ್ಟೆ ಸಿಗುತ್ತವೆ. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಕೇಳಲು ನಾಚಿಕೆ ಬೇಡ.

ಸಂಜೆ: ಉತ್ತರದ ಉಬ್ಬರ ಇಳಿಯುವ ತನಕ

ನಾಲ್ಕು ಗಂಟೆಗೆ ಓವಲ್ ಮೈದಾನಕ್ಕೆ ಬನ್ನಿ. ಒಂದೇ ಮೈದಾನದಲ್ಲಿ ಎಷ್ಟೋ ಕ್ರಿಕೆಟ್ ಪಂದ್ಯಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಆಟದ ಬೌಂಡರಿ ಇನ್ನೊಂದು ಆಟದ ಸ್ಲಿಪ್. ಯಾರ ಚೆಂಡು ಯಾರದು ಅಂತ ಅವರಿಗೆ ಹೇಗೋ ಗೊತ್ತಾಗುತ್ತದೆ.

ನಡುವೆ ನಿಂತು ಎರಡೂ ಕಡೆ ನೋಡಿ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಚೂಪು ಚೂಪು ಗಾಥಿಕ್ ಕಟ್ಟಡಗಳು. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡನೆಯ ಬಾಲ್ಕನಿ, ತಿಳಿ ಬಣ್ಣ. ಆ ಮನೆಗಳು ನಿಂತಿರುವುದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದ ಮೇಲೆ. ಎರಡೂ ಸಾಲುಗಳು ಸೇರಿ 2018ರಲ್ಲಿ ವಿಶ್ವ ಪರಂಪರೆಯ ತಾಣವಾದವು. ಗೋಪುರಕ್ಕೆ ದುಡ್ಡು ಕೊಟ್ಟ ವರ್ತಕ ಪ್ರೇಮಚಂದ್ ರಾಯ್‌ಚಂದ್, ತಾಯಿ ರಾಜಾಬಾಯಿಯ ಹೆಸರಿಡಿಸಿದರು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು, ಗಂಟೆಯ ಸದ್ದು ಕೇಳಿ ಹೊತ್ತು ತಿಳಿಯಲಿ ಅಂತ ಮಗ ಕಟ್ಟಿಸಿದ ಅಂತ ಕತೆ ಹೇಳುತ್ತಾರೆ.

ಮೈದಾನದಿಂದ ಚರ್ಚ್‌ಗೇಟ್ ಸ್ಟೇಷನ್ ಪಕ್ಕದಲ್ಲೇ ಹಾದು ಐದ್ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್. ಐದೂವರೆ ಆಗಿರುತ್ತದೆ. ಕಚೇರಿ ಬಿಟ್ಟ ಜನ ನಿಮ್ಮ ಎದುರಿನಿಂದ ಸ್ಟೇಷನ್ ಕಡೆ ಓಡಿಬರುತ್ತಿರುತ್ತಾರೆ. ಅಲ್ಲಿ ಫುಟ್‌ಪಾತಿನ ನಡುವೆ ನಿಂತು ಮ್ಯಾಪ್ ನೋಡಬೇಡಿ, ಅಂಗಡಿಯ ಗೋಡೆಗೆ ಒತ್ತಿಕೊಂಡು ನಿಂತು ನೋಡಿ.

ಮೂರೂವರೆ ಕಿಲೋಮೀಟರಿಗೂ ಉದ್ದದ ಕಟ್ಟೆ ಇದು. ಎಲ್ಲಿ ಬೇಕಾದರೂ ಕೂರಬಹುದು, ದುಡ್ಡಿಲ್ಲ. ಚಳಿಗಾಲದಲ್ಲಿ ಬಂದರೆ ಸೂರ್ಯ ಸೀದಾ ಸಮುದ್ರಕ್ಕೇ ಇಳಿಯುತ್ತಾನೆ. ಬೇಸಿಗೆಯಲ್ಲಿ ಬಲಕ್ಕೆ ಸರಿದು ಮಲಬಾರ್ ಹಿಲ್ ಕಡೆ ಮರೆಯಾಗುತ್ತಾನೆ. ಡಿಸೆಂಬರ್ ಹೊತ್ತಿಗೆ ಆರು ಗಂಟೆಗೇ ಮುಳುಗಿಬಿಡುತ್ತದೆ, ಜೂನ್-ಜುಲೈನಲ್ಲಿ ಏಳೂಕಾಲು ದಾಟುತ್ತದೆ. ಲೆಕ್ಕ ಹಾಕಿಕೊಂಡು ಬನ್ನಿ. ಕತ್ತಲಾದ ಮೇಲೆ ದಂಡೆಯುದ್ದಕ್ಕೂ ದೀಪ ಹತ್ತಿದಾಗ ‘ಕ್ವೀನ್ಸ್ ನೆಕ್ಲೆಸ್’ ಅಂತ ಯಾಕೆ ಕರೆದರು ಅಂತ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಭರತದ ಹೊತ್ತಿಗೆ ಅಲೆಗಳು ಕಟ್ಟೆ ಹಾರಿ ರಸ್ತೆಗೆ ಬರುತ್ತವೆ. ಪೊಲೀಸರು ಹಿಂದೆ ಸರಿಯಿರಿ ಅಂದರೆ ಸರಿಯಿರಿ. ಕಟ್ಟೆಯಾಚೆಯ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಯಾವ ಕಾಲದಲ್ಲೂ ಇಳಿಯಬೇಡಿ, ಪಾಚಿ ಜಾರುತ್ತದೆ.

ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಕಟ್ಟೆಯ ಗುಂಟ ಉತ್ತರಕ್ಕೆ ನಡೆದು ಗಿರ್‌ಗಾಂವ್ ಚೌಪಾಟಿಯಲ್ಲಿ ಭೇಲ್ ತಿನ್ನಿ. ಇಲ್ಲ ಅಂದರೆ ಕೂತಲ್ಲೇ ಕೂರಿ. ಪಕ್ಕದಲ್ಲಿ ಕಾಲೇಜು ಹುಡುಗರು, ಜಗಳ ಆಡುವ ಜೋಡಿ, ಚಪ್ಪಲಿ ಬಿಚ್ಚಿಟ್ಟು ಸಮುದ್ರ ನೋಡುವ ಅಜ್ಜ. ಮುಖ್ಯವಾದ ಕೆಲಸ ಏನೆಂದರೆ ಎಂಟೂವರೆಗೆ ಮೊದಲು ಏಳಬಾರದು.

ವಾಪಸ್ ಹೋಗಲು ಚರ್ಚ್‌ಗೇಟಿಗೇ ಬನ್ನಿ. ಅದು ವೆಸ್ಟರ್ನ್ ಲೈನಿನ ಮೊದಲ ಸ್ಟೇಷನ್. ಟ್ರೈನುಗಳು ಇಲ್ಲಿಂದಲೇ ಹೊರಡುತ್ತವೆ. ತುಂಬಿರುವುದನ್ನು ಬಿಟ್ಟು, ಬೋರ್ಡಿನಲ್ಲಿ ಮುಂದಿನ ಸ್ಲೋ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ನೋಡಿ ಅಲ್ಲಿ ಹೋಗಿ ನಿಲ್ಲಿ. ಒಳಗೆ ಬರುವ ಟ್ರೈನು ಪೂರ್ತಿ ನಿಲ್ಲುವ ಮೊದಲೇ ಕೆಲವರು ಹಾರಿ ಸೀಟು ಹಿಡಿಯುತ್ತಾರೆ. ಅದು ಅವರ ಇಪ್ಪತ್ತು ವರ್ಷದ ಅಭ್ಯಾಸ, ನೀವು ಪ್ರಯತ್ನಿಸಬೇಡಿ. ನಿಂತ ಮೇಲೆ ಹತ್ತಿದರೂ ಆ ಹೊತ್ತಿಗೆ ಸೀಟು ಸಿಗುವ ಸಾಧ್ಯತೆ ಇದೆ. ಕಿಟಕಿ ಪಕ್ಕ ಸಿಕ್ಕಿದರೆ ಎಡಗಡೆಯದನ್ನು ಹಿಡಿಯಿರಿ. ಚರ್ನಿ ರೋಡ್ ಹತ್ತಿರ ಕಟ್ಟಡಗಳ ಸಂದಿಯಲ್ಲಿ ಸಮುದ್ರ ಇನ್ನೊಂದು ಸಲ ಕಾಣುತ್ತದೆ.

ದಾದರ್ ಬರುವ ಮೊದಲಿನ ಸ್ಟೇಷನ್ ಪ್ರಭಾದೇವಿ. ‘ಪುಢೀಲ್ ಸ್ಟೇಷನ್ ದಾದರ್’, ಅಂದರೆ ಮುಂದಿನ ಸ್ಟೇಷನ್ ದಾದರ್ ಅಂತ ಕೇಳಿದ ಕೂಡಲೇ ಎದ್ದು ಬಾಗಿಲ ಕಡೆ ಬನ್ನಿ. ಮುಂದೆ ನಿಂತವರ ಹಿಂದೆ ನಿಂತು, ಬೆಳಿಗ್ಗೆ ಯಾರೋ ನಿಮ್ಮನ್ನು ಕೇಳಿದ್ದನ್ನೇ ಈಗ ನೀವು ಕೇಳಿ: ‘ಉತರ್‌ನಾ ಹೈ?’